ಮನೆಯಂಗಳದ ಮೊದಲ ಜೇನುಪೆಟ್ಟಿಗೆ: ಸ್ಥಳ ನಿರ್ಣಯ ಮತ್ತು ಆಯ್ಕೆ

ಜೇನು ಸಾಕಣೆಯು ಅಲ್ಪ ಬಂಡವಾಳದಿಂದ ಆರಂಭಿಸಬಹುದಾದ ಗೃಹ ಕೈಗಾರಿಕೆಗಳಲ್ಲಿ ಒಂದು. ಇದಕ್ಕೆ ಪ್ರತ್ಯೇಕ ಜಮೀನು ಬೇಕಿಲ್ಲ. ಹಗಲಿರುಳು ಕಾವಲು ಕಾಯಬೇಕಾಗಿಲ್ಲ. ಮನೆಯ ಹಿತ್ತಲು, ಅಂಗಳದ ಒಂದು ಮೂಲೆ ಅಥವಾ ನೆರಳುಳ್ಳ ತಾರಸಿಯಷ್ಟೇ ಸಾಕು. ಜೇನುತುಪ್ಪ ಮತ್ತು ಮೇಣ ಇದರ ನೇರ ಲಾಭಗಳಾದರೆ, ಸುತ್ತಮುತ್ತಲ ನುಗ್ಗೆ, ತೆಂಗು, ಸೋರೆ, ಕುಂಬಳ ಮೊದಲಾದ ಗಿಡಬಳ್ಳಿಗಳಲ್ಲಿ ಪರಾಗಸ್ಪರ್ಶ ಚೆನ್ನಾಗಿ ನಡೆದು ಕಾಯಿ ಕಚ್ಚುವುದು ಪರೋಕ್ಷ ಲಾಭ. ಮಲೆನಾಡು, ಕೊಡಗು ಮತ್ತು ಕರಾವಳಿಯಿಂದ ಬಂದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿರುವ ಅನೇಕ ಕನ್ನಡಿಗ ಕುಟುಂಬಗಳಿಗೆ ಜೇನುಪೆಟ್ಟಿಗೆ ಹೊಸದೇನಲ್ಲ. ಆದರೆ ಊರಿನ ತೋಟದಲ್ಲಿ ಸುಲಭವಾಗಿ ಬೆಳೆದ ಜೇನು ನಗರದ ಅಂಗಳದಲ್ಲಿಯೂ ಹಾಗೆಯೇ ಬೆಳೆಯುತ್ತದೆಂದು ಭಾವಿಸುವುದು ಸರಿಯಲ್ಲ.

ಹೊಸದಾಗಿ ಆರಂಭಿಸುವವರಲ್ಲಿ ಹಲವರು ಮೊದಲು ಪೆಟ್ಟಿಗೆಯನ್ನು ಕೊಳ್ಳುತ್ತಾರೆ, ಆಮೇಲೆ ಜೇನು ಕುಟುಂಬವನ್ನು ತರುತ್ತಾರೆ, ಕೊನೆಯಲ್ಲಿ ಅದನ್ನು ಎಲ್ಲಿಡಬೇಕೆಂದು ಯೋಚಿಸುತ್ತಾರೆ. ಈ ಕ್ರಮ ತಲೆಕೆಳಗಾದುದು. ಸ್ಥಳ ಮೊದಲು, ಜೇನಿನ ಜಾತಿ ಅನಂತರ, ಆ ಜಾತಿಗೆ ಹೊಂದುವ ಪೆಟ್ಟಿಗೆ ಆಮೇಲೆ, ಕುಟುಂಬವನ್ನು ತರುವುದು ಕೊನೆಗೆ. ಇದೇ ಸರಿಯಾದ ಅನುಕ್ರಮ.

ಸ್ಥಳ ನಿರ್ಣಯ ಮೊದಲೇ ಏಕೆ?

ಮಕರಂದವನ್ನು ತರಲು ಹೊರಡುವ ಕೆಲಸಗಾರ ನೊಣಗಳು ತಮ್ಮ ಗೂಡಿನ ನೆಲೆಯನ್ನು ಸುತ್ತಲಿನ ಗುರುತುಗಳ ಸಹಾಯದಿಂದ ಬಹು ನಿಖರವಾಗಿ ನೆನಪಿಟ್ಟುಕೊಳ್ಳುತ್ತವೆ. ಪೆಟ್ಟಿಗೆಯನ್ನು ಒಮ್ಮೆ ಇಟ್ಟು, ಕೆಲವು ದಿನಗಳ ನಂತರ ಅದೇ ಅಂಗಳದ ಇನ್ನೊಂದು ಮೂಲೆಗೆ ಬದಲಾಯಿಸಿದರೆ, ಹೊರಗೆ ಹೋದ ನೊಣಗಳು ಹಳೆಯ ಜಾಗಕ್ಕೇ ಮರಳಿ, ಗೂಡು ಕಾಣದೆ ಅಲ್ಲಿಯೇ ಗುಂಪುಗೂಡಿ ನಾಶವಾಗುತ್ತವೆ. ಸ್ಥಳ ಬದಲಿಸುವುದು ಅನಿವಾರ್ಯವಾದರೆ ದಿನಕ್ಕೆ ಒಂದು ಅಡಿಯಂತೆ ನಿಧಾನವಾಗಿ ಸರಿಸಬೇಕು. ಇಲ್ಲವೇ ನೊಣಗಳ ಹಾರಾಟದ ವ್ಯಾಪ್ತಿಯನ್ನು ಮೀರಿದ ದೂರಕ್ಕೆ ಕೊಂಡೊಯ್ದು, ಎರಡು ಮೂರು ವಾರ ಅಲ್ಲಿರಿಸಿ, ಮತ್ತೆ ಹೊಸ ಜಾಗಕ್ಕೆ ತರಬೇಕು. ಹೀಗಾಗಿ ಪೆಟ್ಟಿಗೆಯನ್ನು ಇಳಿಸುವ ಮೊದಲೇ ಅದರ ಕಾಯಂ ನೆಲೆ ತೀರ್ಮಾನವಾಗಿರಬೇಕು.

ಹೂಸಂಪತ್ತಿನ ಸಮೀಕ್ಷೆ

ಜೇನಿನ ಆಹಾರ ಎರಡು ಬಗೆಯದು: ಮಕರಂದ ಮತ್ತು ಪರಾಗ. ಮಕರಂದದಿಂದ ಶಕ್ತಿ ದೊರೆತರೆ, ಪರಾಗದಿಂದ ಮರಿಗಳ ಬೆಳವಣಿಗೆಗೆ ಬೇಕಾದ ಸಸಾರಜನಕ ದೊರೆಯುತ್ತದೆ. ಈ ಆಹಾರವನ್ನು ಸಾಕುವವರು ಒದಗಿಸುವುದಿಲ್ಲ; ನೆರೆಹೊರೆಯ ಮರಗಿಡಗಳು ಒದಗಿಸುತ್ತವೆ. ತುಡುವೆ ಜೇನು ಸಾಮಾನ್ಯವಾಗಿ ಒಂದು ಕಿಲೋಮೀಟರ್ ಆಸುಪಾಸಿನಲ್ಲಿ ಆಹಾರ ಹುಡುಕುತ್ತದೆ. ಯುರೋಪಿಯನ್ ಜೇನು ಅದಕ್ಕಿಂತ ಹೆಚ್ಚು ದೂರ ಹೋಗಬಲ್ಲದು. ಆದ್ದರಿಂದ ಮನೆಯಲ್ಲಿ ಹತ್ತು ಹೂಕುಂಡಗಳಿವೆಯೇ ಎಂಬುದಕ್ಕಿಂತ, ಮನೆಯ ಸುತ್ತ ಒಂದು ಕಿಲೋಮೀಟರಿನೊಳಗೆ ಯಾವ ಮರಗಳಿವೆ, ಅವು ಯಾವ ತಿಂಗಳಲ್ಲಿ ಹೂ ಬಿಡುತ್ತವೆ ಎಂಬುದು ಮುಖ್ಯ.

ಇದಕ್ಕಾಗಿ ಒಂದು ವರ್ಷದ ಹೂ ಪಂಚಾಂಗವನ್ನು ಬರೆದಿಟ್ಟುಕೊಳ್ಳುವುದು ಉಪಯುಕ್ತ. ಬೇವು, ಹೊಂಗೆ, ನೇರಳೆ, ಹುಣಸೆ, ಅಂಟುವಾಳ, ನೀಲಗಿರಿ ಇವು ಒಳ್ಳೆಯ ಜೇನುಮರಗಳು. ತೆಂಗು ಮತ್ತು ನುಗ್ಗೆ ವರ್ಷದ ಬಹುಕಾಲ ಆಹಾರ ಒದಗಿಸುತ್ತವೆ. ದಕ್ಷಿಣದ ನಗರಗಳಲ್ಲಿ ಬೇವು, ಹೊಂಗೆ, ಹುಣಸೆಗಳು ಬೇಸಿಗೆಯಲ್ಲಿ ಆಸರೆಯಾಗುತ್ತವೆ. ದೆಹಲಿಯ ಹೊರವಲಯದಲ್ಲಿ ಚಳಿಗಾಲದ ಸಾಸಿವೆ ಹೊಲಗಳು ಪ್ರಮುಖ ಆಧಾರ. ಮುಂಬಯಿ ಮತ್ತು ಕೊಂಕಣ ತೀರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲವೇ ಜೇನಿಗೆ ಬರಗಾಲ. ಹೂವಿದ್ದರೂ ಮಳೆಯಲ್ಲಿ ನೊಣಗಳು ಹೊರಡಲಾರವು. ಪಂಚಾಂಗದಲ್ಲಿ ಒಂದೆರಡು ತಿಂಗಳು ಬರಿದಾಗಿದ್ದರೆ ಸಕ್ಕರೆ ಪಾಕದಿಂದ ನಿಭಾಯಿಸಬಹುದು. ಆರೇಳು ತಿಂಗಳು ಬರಿದಾಗಿದ್ದರೆ ಆ ಸ್ಥಳದಲ್ಲಿ ಜೇನು ಸಾಕುವ ವಿಚಾರವನ್ನು ಕೈಬಿಡುವುದೇ ವಿವೇಕ.

ಅಂಗಳದೊಳಗೆ ಜಾಗದ ಆಯ್ಕೆ

ಬೆಳಗಿನ ಎಳೆಬಿಸಿಲು ಬೀಳುವ, ಮಧ್ಯಾಹ್ನ ನೆರಳಿರುವ ಜಾಗ ಅತ್ಯುತ್ತಮ. ಬಾಗಿಲು ಪೂರ್ವ ಅಥವಾ ಆಗ್ನೇಯಕ್ಕೆ ಮುಖ ಮಾಡಿದ್ದರೆ ನೊಣಗಳು ಬೇಗನೆ ಕೆಲಸಕ್ಕೆ ತೊಡಗುತ್ತವೆ. ಮರಿಗಳಿರುವ ಎರಿಗಳ ಉಷ್ಣತೆಯನ್ನು ನೊಣಗಳು ಸುಮಾರು 34ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯ್ದುಕೊಳ್ಳುತ್ತವೆ. ಹೊರಗಿನ ಬಿಸಿ ಏರಿದಾಗ ಕೆಲವು ನೊಣಗಳು ನೀರು ತಂದು ಒಳಗೆ ಹರಡಿದರೆ, ಉಳಿದವು ರೆಕ್ಕೆ ಬೀಸಿ ಗಾಳಿಯಾಡಿಸುತ್ತವೆ. ಬಿಸಿಲು ಮಿತಿಮೀರಿದರೆ ಕುಟುಂಬದ ಶಕ್ತಿಯೆಲ್ಲ ಈ ಕೆಲಸಕ್ಕೇ ವ್ಯಯವಾಗುತ್ತದೆ; ಮೇಣ ಮೆತ್ತಗಾಗಿ ಎರಿ ಕುಸಿಯಲೂಬಹುದು. ಚೆನ್ನೈ, ಹೈದರಾಬಾದ್, ದೆಹಲಿಗಳ ಬೇಸಿಗೆಯಲ್ಲಿ ತೆರೆದ ಸಿಮೆಂಟ್ ತಾರಸಿ ಈ ಕಾರಣದಿಂದ ಯೋಗ್ಯವಲ್ಲ. ತಾರಸಿಯ ಹೊರತು ಬೇರೆ ಜಾಗವಿಲ್ಲದಿದ್ದರೆ ಪೆಟ್ಟಿಗೆಯ ಮೇಲೆ ಎರಡು ಮೂರು ಅಡಿ ಎತ್ತರದಲ್ಲಿ ತೆಂಗಿನ ಗರಿಯ ಅಥವಾ ಹುಲ್ಲಿನ ಚಪ್ಪರ ಹಾಕಿ, ನೆತ್ತಿಯ ಬಿಸಿಲಿನಲ್ಲಿ ಒದ್ದೆ ಗೋಣಿಚೀಲ ಹೊದಿಸಬೇಕು. ಬಿರುಗಾಳಿಗೆ ಉರುಳದಂತೆ ಹಗ್ಗದಿಂದ ಬಿಗಿಯುವುದೂ ಅಗತ್ಯ.

ಉತ್ತರ ಭಾರತದ ಚಳಿಗಾಲದಲ್ಲಿ ಇದಕ್ಕೆ ವಿರುದ್ಧವಾದ ಏರ್ಪಾಡು ಬೇಕು. ಆಗ ಹಗಲೆಲ್ಲ ಬಿಸಿಲು ಬೀಳುವಂತಿರಬೇಕು ಮತ್ತು ಶೀತಗಾಳಿ ನೇರವಾಗಿ ಬಾಗಿಲಿಗೆ ಬಡಿಯದಂತೆ ತಡೆ ಇರಬೇಕು. ಚಳಿಗಾಲದಲ್ಲಿ ಎಲೆಯುದುರಿಸಿ ಬೇಸಿಗೆಯಲ್ಲಿ ಚಿಗುರುವ ಮರದ ಕೆಳಗಿನ ಜಾಗ ಎರಡು ಋತುಗಳಿಗೂ ಹೊಂದುತ್ತದೆ.

ಪೆಟ್ಟಿಗೆಯನ್ನು ನೆಲದಿಂದ ಒಂದೂವರೆ ಅಥವಾ ಎರಡು ಅಡಿ ಎತ್ತರದ ಭದ್ರವಾದ ಪೀಠದ ಮೇಲಿಡಬೇಕು. ಪೀಠ ಸಮತಟ್ಟಾಗಿದ್ದು ಮುಂಭಾಗಕ್ಕೆ ಅತ್ಯಲ್ಪ ಇಳಿಜಾರಿದ್ದರೆ ಮಳೆನೀರು ಒಳಗೆ ನಿಲ್ಲುವುದಿಲ್ಲ. ಇರುವೆಗಳು ಏರದಂತೆ ಪೀಠದ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿಡುವುದು ರೂಢಿ. ನಗರಗಳಲ್ಲಿ ಈ ಬಟ್ಟಲುಗಳು ಸೊಳ್ಳೆಗಳ ತಾಣವಾಗದಂತೆ ವಾರಕ್ಕೆರಡು ಬಾರಿ ನೀರನ್ನು ಚೆಲ್ಲಿ ಬದಲಿಸಬೇಕು. ಅಥವಾ ಕಾಲುಗಳಿಗೆ ಗ್ರೀಸ್ ಸವರಬೇಕು.

ದನದ ಕೊಟ್ಟಿಗೆ, ಕಸದ ತೊಟ್ಟಿ, ಅಡಿಗೆಮನೆಯ ಹೊಗೆಗಿಂಡಿ ಮತ್ತು ನೀರು ತೊಟ್ಟಿಕ್ಕುವ ಕೊಳವೆಗಳ ಸಮೀಪ ಪೆಟ್ಟಿಗೆ ಇಡಬಾರದು. ರಾತ್ರಿ ಉರಿಯುವ ವಿದ್ಯುದ್ದೀಪದ ಬೆಳಕು ನೇರವಾಗಿ ಬಾಗಿಲಿಗೆ ಬಿದ್ದರೆ ನೊಣಗಳು ಹೊರಬಂದು ದೀಪಕ್ಕೆ ಬಡಿದು ಸಾಯುತ್ತವೆ. ಹಗಲಿನಲ್ಲಿ ಸ್ಥಳ ನೋಡಿ ಮೆಚ್ಚಿಕೊಂಡವರು ಅದೇ ಸ್ಥಳವನ್ನು ರಾತ್ರಿಯೂ ಒಮ್ಮೆ ನೋಡಬೇಕು.

ನೀರಿನ ವ್ಯವಸ್ಥೆ

ಜೇನಿಗೆ ಸಮೀಪದಲ್ಲಿಯೇ ಶುದ್ಧ ನೀರು ದೊರೆಯಬೇಕು. ಅಗಲವಾದ ಮಣ್ಣಿನ ತಟ್ಟೆಯಲ್ಲಿ ಬೆಣಚುಕಲ್ಲುಗಳನ್ನಿಟ್ಟು, ಅವು ಮುಳುಗದಷ್ಟು ನೀರು ಹಾಕಿದರೆ ನೊಣಗಳು ಕಲ್ಲಿನ ಮೇಲೆ ಕುಳಿತು ಸುರಕ್ಷಿತವಾಗಿ ನೀರು ಹೀರುತ್ತವೆ. ಈ ನೀರನ್ನೂ ಆಗಾಗ ಬದಲಿಸುತ್ತಿರಬೇಕು. ಕುಟುಂಬವನ್ನು ತಂದ ಮೊದಲ ದಿನದಿಂದಲೇ ಈ ಏರ್ಪಾಡು ಇರಬೇಕು. ಇಲ್ಲವಾದರೆ ಅವು ನೆರೆಮನೆಯ ನಲ್ಲಿ, ಬಟ್ಟೆ ಒಗೆಯುವ ಕಲ್ಲು ಅಥವಾ ಏರ್ ಕೂಲರಿನ ನೀರಿಗೆ ರೂಢಿಯಾಗುತ್ತವೆ. ಒಮ್ಮೆ ರೂಢಿಯಾದ ಮೇಲೆ ಬಿಡಿಸುವುದು ಕಷ್ಟ. ನೆರೆಹೊರೆಯವರೊಡನೆ ಮನಸ್ತಾಪ ಇಂಥ ಸಣ್ಣ ಕಾರಣದಿಂದಲೇ ಹುಟ್ಟಬಹುದು.

ನೆರೆಹೊರೆಯವರ ಸುರಕ್ಷತೆ

ನಗರದಲ್ಲಿ ಜೇನು ಸಾಕುವವರ ಮೊದಲ ಹೊಣೆ ತಮ್ಮ ಮನೆಯವರ ಮತ್ತು ನೆರೆಯವರ ಸುರಕ್ಷತೆ. ಕೆಣಕದೆ ಬಿಟ್ಟರೆ ತುಡುವೆ ಜೇನು ಸಾಮಾನ್ಯವಾಗಿ ಕುಟುಕುವುದಿಲ್ಲ. ಆದರೆ ನೊಣಗಳು ಗೂಡಿನಿಂದ ಹೊರಟು ಹೋಗುವ ದಾರಿಗೆ ಯಾರಾದರೂ ಅಡ್ಡ ಬಂದರೆ ಕೆರಳುತ್ತವೆ. ಆದಕಾರಣ ಬಾಗಿಲಿನ ಎದುರು ನಾಲ್ಕೈದು ಮೀಟರ್‌ಗಳವರೆಗೆ ನಡೆದಾಡುವ ದಾರಿ, ಮಕ್ಕಳು ಆಡುವ ಜಾಗ, ಬಟ್ಟೆ ಒಣಹಾಕುವ ತಂತಿ ಇರಬಾರದು. ಜಾಗ ಇಕ್ಕಟ್ಟಾಗಿದ್ದರೆ ಬಾಗಿಲಿನ ಎದುರು ಸ್ವಲ್ಪ ದೂರದಲ್ಲಿ ಆರೇಳು ಅಡಿ ಎತ್ತರದ ಬೇಲಿ, ಬಳ್ಳಿಯ ಚಪ್ಪರ ಅಥವಾ ತಟ್ಟಿ ಇರಬೇಕು. ಆಗ ನೊಣಗಳು ಆರಂಭದಲ್ಲಿಯೇ ಮೇಲೇರಿ, ಜನರ ತಲೆಯ ಮಟ್ಟಕ್ಕಿಂತ ಎತ್ತರದಲ್ಲಿ ಸಾಗುತ್ತವೆ.

ವಸತಿ ಸಂಕೀರ್ಣಗಳಲ್ಲಿ ವಾಸಿಸುವವರು ಸೊಸೈಟಿಯ ಮತ್ತು ಅಕ್ಕಪಕ್ಕದ ಮನೆಯವರ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. ಅವರಲ್ಲಿ ಯಾರಿಗಾದರೂ ಜೇನಿನ ವಿಷ ಒಗ್ಗದೆಂದು ತಿಳಿದುಬಂದರೆ ಅಲ್ಲಿ ಪೆಟ್ಟಿಗೆ ಇಡಬಾರದು. ಕುಟುಕಿದಾಗ ಮುಳ್ಳನ್ನು ಉಗುರಿನಿಂದ ಕೆರೆದು ಕೂಡಲೇ ತೆಗೆಯಬೇಕು. ತಡವಾದಷ್ಟೂ ವಿಷ ಒಳಸೇರುತ್ತದೆ. ಅನಂತರ ಆ ಭಾಗವನ್ನು ತೊಳೆದು ತಣ್ಣೀರಿನ ಬಟ್ಟೆ ಇಡಬೇಕು. ಸಾಮಾನ್ಯವಾಗಿ ನೋವು ಮತ್ತು ಊತ ಒಂದೆರಡು ದಿನಗಳಲ್ಲಿ ಇಳಿಯುತ್ತವೆ. ಆದರೆ ಉಸಿರಾಟಕ್ಕೆ ತೊಂದರೆ, ಮುಖ ಅಥವಾ ನಾಲಗೆಯ ಊತ, ಮೈತುಂಬ ದದ್ದು, ತಲೆಸುತ್ತು ಕಂಡರೆ ಅದು ಪ್ರಾಣಾಪಾಯದ ಸೂಚನೆ. ಮನೆಮದ್ದಿನಲ್ಲಿ ಹೊತ್ತು ಕಳೆಯದೆ ತಕ್ಷಣ ಆಸ್ಪತ್ರೆಗೆ ಸೇರಿಸಬೇಕು.

ಪುರಸಭೆಯವರು ಸೊಳ್ಳೆನಾಶಕ್ಕಾಗಿ ಹೊಗೆ ಹಾಯಿಸುವ ದಿನಗಳನ್ನೂ ಮುಂಚಿತವಾಗಿ ತಿಳಿದಿರಬೇಕು. ಅಂದು ಸಂಜೆ ನೊಣಗಳೆಲ್ಲ ಮರಳಿದ ಮೇಲೆ ಬಾಗಿಲಿಗೆ ತಂತಿಬಲೆ ಕಟ್ಟಿ, ಗಾಳಿಯಾಡಲು ಎಡೆಯಿರುವಂತೆ ಒದ್ದೆ ಗೋಣಿ ಹೊದಿಸಿ, ಹೊಗೆ ಕರಗಿದ ನಂತರ ತೆರೆಯಬೇಕು.

ಯಾವ ಜೇನು ಸೂಕ್ತ?

ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಕಾಣುವ ಜೇನುಗಳು ಐದು ಬಗೆ. ಇವುಗಳಲ್ಲಿ ಹೆಜ್ಜೇನು ಎತ್ತರದ ಮರ, ಬಂಡೆ, ಕಟ್ಟಡಗಳಲ್ಲಿ ಒಂದೇ ದೊಡ್ಡ ಎರಿ ಕಟ್ಟುತ್ತದೆ. ಇದು ಬಯಲಿನಲ್ಲಿಯೇ ಬಾಳುವ ಜೇನು; ಪೆಟ್ಟಿಗೆಯಲ್ಲಿ ಸಾಕಲು ಬರುವುದಿಲ್ಲ, ಕೆರಳಿದರೆ ಅಪಾಯಕಾರಿ. ಮರಾಠಿಯಲ್ಲಿ ಇದಕ್ಕೆ ಆಗ್ಯಾ ಎಂಬ ಹೆಸರಿದೆ. ಪೊದೆಗಳ ಕೊಂಬೆಯಲ್ಲಿ ಅಂಗೈಯಗಲದ ಎರಿ ಕಟ್ಟುವ ಕೋಲುಜೇನು ಸಹ ಪೆಟ್ಟಿಗೆಗೆ ಒಗ್ಗುವುದಿಲ್ಲ. ಉಳಿದ ಮೂರು ಸಾಕಲು ಯೋಗ್ಯವಾದವು.

ಮೊದಲನೆಯದು ತುಡುವೆ ಜೇನು, ಮರಾಠಿಯಲ್ಲಿ ಸಾತೇರಿ. ಇದು ಮರದ ಪೊಟರೆ, ಹುತ್ತ, ಗೋಡೆಯ ಬಿರುಕುಗಳ ಕತ್ತಲಲ್ಲಿ ಒಂದರ ಪಕ್ಕ ಒಂದರಂತೆ ಹಲವು ಎರಿಗಳನ್ನು ಕಟ್ಟುತ್ತದೆ. ಅದರಿಂದಲೇ ಪೆಟ್ಟಿಗೆಯ ಬಾಳಿಗೆ ಒಗ್ಗುತ್ತದೆ. ನಮ್ಮ ಹವೆಗೆ ಹೊಂದಿಕೊಂಡ ಜಾತಿಯಾದ್ದರಿಂದ ಕಡಿಮೆ ಹೂವಿರುವಲ್ಲಿಯೂ ಬದುಕುತ್ತದೆ. ವರೋವಾ ಎಂಬ ಉಣ್ಣಿಯ ಬಾಧೆಯನ್ನು ಬಹುಮಟ್ಟಿಗೆ ತಾನೇ ತಡೆದುಕೊಳ್ಳುತ್ತದೆ. ಇಳುವರಿ ಮಾತ್ರ ವರ್ಷಕ್ಕೆ ಕೆಲವೇ ಕಿಲೋಗ್ರಾಂ. ಆಹಾರ ಕಡಿಮೆಯಾದರೆ ಅಥವಾ ಪದೇ ಪದೇ ತೊಂದರೆಯಾದರೆ ಗೂಡು ಬಿಟ್ಟು ಪಲಾಯನ ಮಾಡುವುದು ಇದರ ಸ್ವಭಾವದೋಷ.

ಎರಡನೆಯದು ಯುರೋಪಿಯನ್ ಜೇನು. 1960ರ ದಶಕದ ಆರಂಭದಲ್ಲಿ ಕಾಂಗಡಾ ಕಣಿವೆಯ ನಗ್ರೋಟಾ ಬಗ್ವಾನ್‌ನಲ್ಲಿ ಇದನ್ನು ಯಶಸ್ವಿಯಾಗಿ ನೆಲೆಗೊಳಿಸಲಾಯಿತು. ಇಂದು ಉತ್ತರ ಭಾರತದ ವಾಣಿಜ್ಯ ಜೇನು ಸಾಕಣೆ ಬಹುಪಾಲು ಇದನ್ನೇ ಅವಲಂಬಿಸಿದೆ. ಇಳುವರಿ ತುಡುವೆಗಿಂತ ಹಲವು ಪಟ್ಟು ಹೆಚ್ಚು. ಆದರೆ ಹೇರಳವಾದ ಹೂಸಂಪತ್ತು ಬೇಕು. ಹೂವಿನ ಋತುವನ್ನನುಸರಿಸಿ ಪೆಟ್ಟಿಗೆಗಳನ್ನು ಊರಿಂದೂರಿಗೆ ಸಾಗಿಸಬೇಕಾಗುತ್ತದೆ. ಉಣ್ಣಿಯ ಬಾಧೆಯನ್ನು ಸತತವಾಗಿ ಗಮನಿಸಿ ನಿಯಂತ್ರಿಸಬೇಕು.

ಮೂರನೆಯದು ಮುಳ್ಳಿಲ್ಲದ ಪುಟ್ಟ ಜೇನು. ಕರಾವಳಿಯಲ್ಲಿ ಇದನ್ನು ಮುಜಂಟಿ ಜೇನು ಎನ್ನುತ್ತಾರೆ. ಇದು ಕುಟುಕಲಾರದು. ಸಣ್ಣ ಮರದ ಪೆಟ್ಟಿಗೆ, ಬಿದಿರಿನ ಕೊಳವೆ ಅಥವಾ ಮಡಕೆಯಲ್ಲಿಯೂ ಬಾಳುತ್ತದೆ. ತುಪ್ಪ ದೊರೆಯುವುದು ಅತ್ಯಲ್ಪ. ಆದರೂ ಪುಟ್ಟ ಬಾಲ್ಕನಿ ಮಾತ್ರ ಇರುವ, ಮಕ್ಕಳಿರುವ ಮನೆಗಳಿಗೆ ಇದೇ ಯೋಗ್ಯ.

ಒಟ್ಟಿನಲ್ಲಿ, ದಕ್ಷಿಣ ಮತ್ತು ಪಶ್ಚಿಮ ಭಾರತದ ಮನೆಯಂಗಳಕ್ಕೆ ತುಡುವೆಯೂ, ದೆಹಲಿಯ ಸುತ್ತಲಿನ ಸಾಸಿವೆ ಪ್ರದೇಶಕ್ಕೆ ಅನುಭವಿಗಳ ಮಾರ್ಗದರ್ಶನದಲ್ಲಿ ಯುರೋಪಿಯನ್ ಜೇನೂ ಹೊಂದುತ್ತವೆ.

ಪೆಟ್ಟಿಗೆಯ ರಚನೆ ಮತ್ತು ಆಯ್ಕೆ

ಆಧುನಿಕ ಜೇನುಪೆಟ್ಟಿಗೆಯ ಮೂಲತತ್ತ್ವ ಜೇನುನೊಣಗಳು ತಮ್ಮ ಓಡಾಟಕ್ಕೆ ಬಿಟ್ಟುಕೊಳ್ಳುವ ಎಡೆ. 1851ರಲ್ಲಿ ಅಮೆರಿಕದ ಲಾಂಗ್‌ಸ್ಟ್ರಾತ್ ಇದನ್ನು ಪೆಟ್ಟಿಗೆಯ ರಚನೆಗೆ ಅಳವಡಿಸಿದರು. ಎರಡು ಭಾಗಗಳ ನಡುವೆ ಸುಮಾರು 7ರಿಂದ 9 ಮಿಲಿಮೀಟರ್ ಎಡೆ ಇದ್ದರೆ ನೊಣಗಳು ಅದನ್ನು ದಾರಿಯಾಗಿ ಉಳಿಸಿಕೊಳ್ಳುತ್ತವೆ. ಎಡೆ ಹೆಚ್ಚಾದರೆ ಅಲ್ಲಿ ಅಡ್ಡ ಎರಿ ಕಟ್ಟುತ್ತವೆ, ಕಡಿಮೆಯಾದರೆ ಅಂಟಿನಿಂದ ಮುಚ್ಚುತ್ತವೆ. ಈ ಅಳತೆ ತಪ್ಪಿದ ಪೆಟ್ಟಿಗೆಯಲ್ಲಿ ಚೌಕಟ್ಟುಗಳನ್ನು ಎತ್ತುವಾಗ ಎರಿಗಳು ಹರಿದು, ನೊಣಗಳು ಜಜ್ಜಿ ಸಾಯುತ್ತವೆ. ಅಗ್ಗವೆಂದು ಅಳತೆಯರಿಯದ ಬಡಗಿಯಿಂದ ಮಾಡಿಸಿದ ಪೆಟ್ಟಿಗೆ ಕೊನೆಗೆ ದುಬಾರಿಯಾಗುವುದು ಇದರಿಂದಲೇ.

ತುಡುವೆ ಜೇನಿಗಾಗಿ ತಿರುಚಿರಾಪಳ್ಳಿಯ ಪಾದ್ರಿ ನ್ಯೂಟನ್ ಅವರು 1910ರ ದಶಕದಲ್ಲಿ ಚಿಕ್ಕ ಗಾತ್ರದ ಪೆಟ್ಟಿಗೆಯನ್ನು ರೂಪಿಸಿ ಬಳಕೆಗೆ ತಂದರು. ನ್ಯೂಟನ್ ಪೆಟ್ಟಿಗೆಯೆಂದೇ ಪ್ರಸಿದ್ಧವಾದ ಇದು ದಕ್ಷಿಣ ಭಾರತದಲ್ಲಿ ಇಂದಿಗೂ ಬಳಕೆಯಲ್ಲಿದೆ. ಇದರ ಮರಿಕೋಣೆಯ ಚೌಕಟ್ಟಿನ ಒಳ ಅಳತೆ ಸುಮಾರು 210 ಮಿ.ಮೀ. ಉದ್ದ, 145 ಮಿ.ಮೀ. ಎತ್ತರ. ಯುರೋಪಿಯನ್ ಜೇನಿಗೆ ಹತ್ತು ಚೌಕಟ್ಟುಗಳ ದೊಡ್ಡ ಲಾಂಗ್‌ಸ್ಟ್ರಾತ್ ಪೆಟ್ಟಿಗೆಯನ್ನು ಬಳಸುತ್ತಾರೆ. ದೊಡ್ಡದಾದರೆ ಹೆಚ್ಚು ತುಪ್ಪ ಬಂದೀತೆಂದು ತುಡುವೆಯ ಚಿಕ್ಕ ಕುಟುಂಬವನ್ನು ಈ ದೊಡ್ಡ ಪೆಟ್ಟಿಗೆಗೆ ಹಾಕಬಾರದು. ಖಾಲಿ ಜಾಗವನ್ನು ಕಾಯಲಾರದೆ ಅದು ಮೇಣದ ಹುಳುವಿಗೆ ತುತ್ತಾಗುತ್ತದೆ.

ಪೆಟ್ಟಿಗೆಯ ಭಾಗಗಳು ಕೆಳಗಿನಿಂದ ಮೇಲಕ್ಕೆ ಹೀಗಿವೆ:

1. ಅಡಿಮಣೆ: ಪ್ರವೇಶದ್ವಾರ ಇರುವ ಭಾಗ. ಸ್ವಚ್ಛಗೊಳಿಸಲು ಬೇರ್ಪಡಿಸುವಂತಿರಬೇಕು.
2. ಮರಿಕೋಣೆ: ರಾಣಿ ಮೊಟ್ಟೆಯಿಡುವ, ಮರಿಗಳು ಬೆಳೆಯುವ ಕೋಣೆ. ಇಲ್ಲಿಯ ತುಪ್ಪವನ್ನು ತೆಗೆಯಬಾರದು.
3. ಜೇನುಕೋಣೆ: ಹೂವಿನ ಕಾಲದಲ್ಲಿ ಮಾತ್ರ ಮೇಲೆ ಇಡುವ ಗಿಡ್ಡ ಕೋಣೆ. ತುಪ್ಪ ತೆಗೆಯುವುದು ಇದರಿಂದ ಮಾತ್ರ.
4. ಮುಚ್ಚಳ: ಬಿಸಿಲು ಮಳೆಗಳಿಂದ ರಕ್ಷಿಸುವ, ಗಾಳಿಕಿಂಡಿಗಳುಳ್ಳ ಮೇಲ್ಭಾಗ.

ಪೆಟ್ಟಿಗೆಯನ್ನು ಚೆನ್ನಾಗಿ ಒಣಗಿದ, ತೀವ್ರ ವಾಸನೆಯಿಲ್ಲದ ಮರದಿಂದ ಮಾಡಿರಬೇಕು. ಹಸಿ ಮರ ಬಳಸಿದರೆ ಒಂದೇ ಬೇಸಿಗೆಯಲ್ಲಿ ಬಾಗಿ, ಸಂದುಗಳು ಬಿರಿಯುತ್ತವೆ. ಹೊರಮೈಗೆ ಬಿಳಿ ಅಥವಾ ತಿಳಿಬಣ್ಣ ಬಳಿಯಬಹುದು. ಒಳಮೈಗೆ ಬಣ್ಣವಾಗಲಿ ವಾರ್ನಿಷ್ ಆಗಲಿ ಕೂಡದು. ಕೊಳ್ಳುವಾಗ ಎಲ್ಲ ಚೌಕಟ್ಟುಗಳನ್ನೂ ಹೊರತೆಗೆದು, ಸ್ಥಳ ಅದಲುಬದಲು ಮಾಡಿ ಮತ್ತೆ ಇಟ್ಟು ನೋಡಬೇಕು. ಯಾವ ಚೌಕಟ್ಟೂ ಯಾವ ಜಾಗದಲ್ಲಿಯೂ ಸಲೀಸಾಗಿ ಕೂರಬೇಕು. ಇದರೊಡನೆ ಮುಖಪರದೆ, ಹೊಗೆತಿದಿ, ಚೌಕಟ್ಟುಗಳನ್ನು ಬಿಡಿಸುವ ಚಪ್ಪಟೆ ಉಳಿ ಮತ್ತು ಮೃದುವಾದ ಕುಂಚ ಬೇಕು. ತುಪ್ಪ ತೆಗೆಯುವ ಯಂತ್ರವನ್ನು ಮೊದಲ ವರ್ಷವೇ ಕೊಳ್ಳುವ ಅಗತ್ಯವಿಲ್ಲ.

ಕುಟುಂಬವನ್ನು ತರುವುದು

ಹೂವಿನ ಕಾಲ ಆರಂಭವಾಗುವ ಹೊತ್ತಿಗೆ ಕುಟುಂಬವನ್ನು ತರಬೇಕು. ದಖ್ಖನ್ ಮತ್ತು ಪಶ್ಚಿಮ ಭಾರತದಲ್ಲಿ ಮಳೆಗಾಲ ಕಳೆದ ಮೇಲಿನ ತಿಂಗಳುಗಳು ಅನುಕೂಲ. ಮಾರುವವರಲ್ಲಿ ಪೆಟ್ಟಿಗೆ ತೆರೆಸಿ, ಕನಿಷ್ಠ ನಾಲ್ಕೈದು ಎರಿಗಳ ತುಂಬ ನೊಣಗಳಿವೆಯೇ, ಮೊಟ್ಟೆ, ಹುಳು, ಮುಚ್ಚಿದ ಮರಿ ಈ ಮೂರು ಹಂತಗಳೂ ಇವೆಯೇ ಎಂದು ನೋಡಬೇಕು. ಮೊಟ್ಟೆಗಳಿದ್ದರೆ, ರಾಣಿ ಕಣ್ಣಿಗೆ ಬೀಳದಿದ್ದರೂ, ಇತ್ತೀಚಿನ ದಿನಗಳಲ್ಲಿ ಅದು ಇತ್ತೆಂಬುದು ಖಚಿತ. ಮರಿಗಳು ಒತ್ತೊತ್ತಾಗಿರದೆ ಅಲ್ಲಲ್ಲಿ ಚದುರಿದ್ದರೆ, ಸತ್ತ ಹುಳುಗಳು ಕಂಡರೆ ಅಂಥ ಕುಟುಂಬವನ್ನು ಕೊಳ್ಳಬಾರದು.

ಈ ಎಚ್ಚರಿಕೆ ಅತ್ಯಗತ್ಯ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದಲ್ಲಿ ಹರಡಿ, ಸಾಕಿದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಕರ್ನಾಟಕದ ಜೇನು ಕೃಷಿಕರೂ ಭಾರಿ ನಷ್ಟ ಅನುಭವಿಸಿದರು. ಈ ರೋಗದಲ್ಲಿ ಹುಳು ನೀರು ತುಂಬಿದ ಚೀಲದಂತಾಗಿ, ಕೋಶದಲ್ಲಿ ತಲೆ ಮೇಲಾಗಿ ಸಾಯುತ್ತದೆ. ಇದಕ್ಕೆ ಔಷಧವಿಲ್ಲ. ರೋಗ ಕಾಣದ ಬಲಿಷ್ಠ ಕುಟುಂಬಗಳಿಂದ ಸಂತತಿ ಬೆಳೆಸುವುದು, ರೋಗವಿದ್ದ ಎರಿ ಮತ್ತು ಸಲಕರಣೆಗಳನ್ನು ಬೇರೆಡೆ ಬಳಸದಿರುವುದು ಇವೇ ಪರಿಹಾರ.

ಸಾಗಣೆ ರಾತ್ರಿಯಲ್ಲಿ ನಡೆಯಬೇಕು. ಕತ್ತಲಾದ ಮೇಲೆ ಬಾಗಿಲಿಗೆ ತಂತಿಬಲೆ ಹಾಕಿ, ಚೌಕಟ್ಟುಗಳು ಅಲುಗದಂತೆ ಬಿಗಿದು, ಬೆಳಗಾಗುವುದರೊಳಗೆ ನಿಶ್ಚಿತ ಪೀಠದ ಮೇಲಿಟ್ಟು, ಗದ್ದಲ ಅಡಗಿದ ಮೇಲೆ ಬಾಗಿಲು ತೆರೆಯಬೇಕು. ಮೊದಲ ಕೆಲವು ದಿನ ಸಂಜೆಯ ಹೊತ್ತು, ಸಮಪ್ರಮಾಣದ ಸಕ್ಕರೆ ಮತ್ತು ನೀರಿನ ಪಾಕವನ್ನು ಪೆಟ್ಟಿಗೆಯೊಳಗೇ ಇಡಬೇಕು. ಹೊರಗೆ ಚೆಲ್ಲಿದರೆ ಇರುವೆಗಳೂ ಬೇರೆ ಗೂಡಿನ ಜೇನುಗಳೂ ದಾಳಿಯಿಡುತ್ತವೆ.

ಒಂದರ ಬದಲು ಎರಡು ಕುಟುಂಬಗಳಿಂದ ಆರಂಭಿಸಲು ಶಕ್ತಿಯಿದ್ದರೆ ಒಳ್ಳೆಯದು. ಒಂದರಲ್ಲಿ ರಾಣಿ ಸತ್ತರೆ ಇನ್ನೊಂದರಿಂದ ಎಳೆಯ ಮೊಟ್ಟೆಗಳಿರುವ ಎರಿಯನ್ನು ಕೊಡಬಹುದು. ಕೆಲಸಗಾರ ನೊಣಗಳು ಅದರಿಂದ ಹೊಸ ರಾಣಿಯನ್ನು ಬೆಳೆಸುತ್ತವೆ. ಒಂದೇ ಕುಟುಂಬವಿದ್ದರೆ ಈ ಆಸರೆ ಇರುವುದಿಲ್ಲ.

ಮೊದಲ ವರ್ಷದ ಪಾಲನೆ

ತಂದ ಮೊದಲ ವಾರ ಪೆಟ್ಟಿಗೆಯನ್ನು ತೆರೆಯದೆ ಹೊರಗಿನಿಂದಲೇ ಗಮನಿಸಬೇಕು. ನೊಣಗಳು ಕಾಲಿಗೆ ಪರಾಗದ ಉಂಡೆ ಅಂಟಿಸಿಕೊಂಡು ಬರುತ್ತಿದ್ದರೆ ಒಳಗೆ ಮರಿಗಳ ಪಾಲನೆ ನಡೆದಿದೆಯೆಂದು ತಿಳಿಯಬಹುದು. ಅನಂತರ ಎಂಟು ಹತ್ತು ದಿನಗಳಿಗೊಮ್ಮೆ, ಗಾಳಿಮಳೆಯಿಲ್ಲದ ಬೆಳಗಿನಲ್ಲಿ, ಪೆಟ್ಟಿಗೆಯ ಪಕ್ಕದಲ್ಲಿ ನಿಂತು ಪರೀಕ್ಷಿಸಬೇಕು. ಅಡಿಮಣೆಯನ್ನು ಗುಡಿಸಿ ಮೇಣದ ಚೂರುಗಳನ್ನು ತೆಗೆಯುತ್ತಿದ್ದರೆ ಮೇಣದ ಹುಳುವಿಗೆ ಆಶ್ರಯ ಸಿಗುವುದಿಲ್ಲ.

ಮೊದಲ ವರ್ಷದಲ್ಲಿ ತುಪ್ಪಕ್ಕಿಂತ ಕುಟುಂಬ ಉಳಿಯುವುದು ಮುಖ್ಯ. ಜೇನುಕೋಣೆಯ ಎರಿಗಳಲ್ಲಿ ಮೂರನೆಯ ಎರಡು ಭಾಗವಾದರೂ ಮೇಣದಿಂದ ಮುಚ್ಚಿದ ಮೇಲೆಯೇ ತುಪ್ಪ ತೆಗೆಯಬೇಕು. ಅದಕ್ಕೆ ಮೊದಲು ತೆಗೆದರೆ ನೀರಿನಂಶ ಹೆಚ್ಚಿದ್ದು ಹುಳಿಯುತ್ತದೆ. ಒಂದು ವರ್ಷ ತುಂಬದ ಶಿಶುಗಳಿಗೆ ಜೇನುತುಪ್ಪ ನೆಕ್ಕಿಸುವ ವಾಡಿಕೆ ಕೆಲವೆಡೆ ಇದೆ. ಅಪರೂಪವಾಗಿಯಾದರೂ ಅದರಿಂದ ತೀವ್ರ ವಿಷಬಾಧೆ ಉಂಟಾಗುವ ಸಂಭವವಿರುವುದರಿಂದ ಅದನ್ನು ಬಿಡಬೇಕು.

ತರಬೇತಿ

ಪುಸ್ತಕದಿಂದ ತಿಳಿದುದನ್ನು ಕೈಯಿಂದ ಮಾಡಿ ಕಲಿಯುವುದು ಅಗತ್ಯ. ಪುಣೆಯಲ್ಲಿ 1962ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಜೇನು ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗಕ್ಕೆ ಸೇರಿದ್ದು. ಕೃಷಿ ವಿಶ್ವವಿದ್ಯಾಲಯಗಳೂ ಕೃಷಿ ವಿಜ್ಞಾನ ಕೇಂದ್ರಗಳೂ ಜೇನು ಸಾಕಣೆಯ ತರಬೇತಿ ನೀಡುತ್ತವೆ. 2020ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಜೇನು ಸಾಕಣೆ ಮತ್ತು ಜೇನುತುಪ್ಪ ಅಭಿಯಾನವನ್ನು ಘೋಷಿಸಿತು. ಪೆಟ್ಟಿಗೆ ಕೊಳ್ಳುವ ಮೊದಲು ಕೆಲವು ದಿನಗಳ ತರಬೇತಿ ಪಡೆದು, ಅನುಭವಿಗಳೊಡನೆ ನಿಂತು ನಾಲ್ಕಾರು ಪೆಟ್ಟಿಗೆಗಳನ್ನು ತೆರೆದು ನೋಡಿದವರಿಗೆ ಭಯ ಬಿಡುತ್ತದೆ, ಜೇನಿನ ಸ್ವಭಾವ ತಿಳಿಯುತ್ತದೆ.

ಜೇನು ಕುಟುಂಬವನ್ನು ಕಟ್ಟಿಹಾಕಿ ಸಾಕಲು ಸಾಧ್ಯವಿಲ್ಲ. ಬಾಗಿಲು ಸದಾ ತೆರೆದಿರುತ್ತದೆ. ನೆಲೆ ಹಿತವಾಗಿದ್ದರೆ ಅದು ಉಳಿಯುತ್ತದೆ, ಇಲ್ಲವಾದರೆ ಹೊರಟುಹೋಗುತ್ತದೆ. ತಕ್ಕ ನೆರಳು, ನೀರು, ಹೂವು ಮತ್ತು ನೆರೆಯವರ ಒಪ್ಪಿಗೆ ಇವಿಷ್ಟನ್ನು ಮೊದಲೇ ಸಿದ್ಧಪಡಿಸಿಕೊಂಡವರ ಅಂಗಳದಲ್ಲಿ ಮೊದಲ ಪೆಟ್ಟಿಗೆ ಬರಿದಾಗುವ ಸಂಭವ ಕಡಿಮೆ.